ಸೊಲ್ಲಾಪುರದ ಬಿಸಿಲಿಗೆ ಎಂಥ ಫೈರ್‌ವಾಲ್ ಬೇಕು?

ಸೊಲ್ಲಾಪುರದ ಪೂರ್ವಭಾಗದಲ್ಲಿ, ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಸುತ್ತಮುತ್ತ, ನಾಲ್ಕಾರು ವರ್ಷ ಓಡಿದ ಕಂಪ್ಯೂಟರ್ ಒಂದನ್ನು ಬಿಚ್ಚಿದರೆ ಆ ಊರಿನ ಕಸುಬು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಪ್ರೊಸೆಸರ್ ಮೇಲಿನ ಫ್ಯಾನಿಗೂ ಅದರಡಿಯ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಪದರ ಕೂತಿರುತ್ತದೆ. ಚಿಮಟದಿಂದ ಹಿಡಿದು ಎಳೆದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬರುತ್ತದೆ. ಅದರಲ್ಲಿ ಮಣ್ಣಿಗಿಂತ ಹತ್ತಿಯೇ ಹೆಚ್ಚು. ಚಾದರ, ಟೆರ್ರಿ ಟವೆಲ್ ನೇಯುವ ಮಗ್ಗಗಳಿಂದ ಎದ್ದ ನವಿರಾದ ನೂಲಿನ ಧೂಳು ಗಾಳಿಯಲ್ಲಿ ತೇಲಿ, ಎಲ್ಲಿ ಫ್ಯಾನ್ ಗಾಳಿ ಎಳೆಯುತ್ತದೋ ಅಲ್ಲಿಗೇ ಹೋಗಿ ಸೇರುತ್ತದೆ.

ಭೌಗೋಳಿಕ ಸೂಚಕದ ಗೌರವ ಪಡೆದ ಸೊಲ್ಲಾಪುರಿ ಚಾದರ ಊರಿಗೆ ಹೆಸರು ತಂದಿದೆ. ಅದೇ ಹತ್ತಿಯ ಧೂಳು ಮಾತ್ರ ಫ್ಯಾನ್ ಇರುವ ಯಾವ ಯಂತ್ರಕ್ಕೂ ಆಗಿಬರುವುದಿಲ್ಲ. ಇದರ ಮೇಲೆ ಬಿಸಿಲು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹೊರಗಿನ ಬಿಸಿ 42, 43 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯಲ್ಲ. ಮೇಲ್ಮಹಡಿಯ ಸ್ಲ್ಯಾಬ್ ಕೆಳಗಿನ ಕೋಣೆಯಲ್ಲಿ ಸಂಜೆ ಏಳಕ್ಕೂ ಗೋಡೆ ಕಾದಿರುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಗಾಳಿ ಎದ್ದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಮನೆಯಲ್ಲೇ ಆಫೀಸು ಮಾಡಿಕೊಂಡವರು ಫೈರ್‌ವಾಲ್ ರೌಟರ್ ಕೊಳ್ಳುವಾಗ ಮೊದಲು ಎದುರಿಗಿಟ್ಟುಕೊಳ್ಳಬೇಕಾದದ್ದು ಈ ಮೂರು ಸಂಗತಿಗಳನ್ನು: ಧೂಳು, ಬಿಸಿ, ಕರೆಂಟು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವೇಗ ಆಮೇಲಿನ ಮಾತು.

ಮನೆಯಾಫೀಸುಗಳ ಸಂಖ್ಯೆ ಈ ಭಾಗದಲ್ಲಿ ಏರಿದ್ದು 2020ರ ಲಾಕ್‌ಡೌನ್ ನಂತರ. ಪುಣೆ, ಹೈದರಾಬಾದು, ಬೆಂಗಳೂರಿನ ಕಂಪನಿಗಳಲ್ಲಿದ್ದ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಅದೇ ವರ್ಷ ನವೆಂಬರ್ 5ರಂದು ಕೇಂದ್ರ ದೂರಸಂಪರ್ಕ ಇಲಾಖೆ ಬಿಪಿಒ ಮಾದರಿಯ ಸಂಸ್ಥೆಗಳ ನಿಯಮ ಸಡಿಲಿಸಿ, ಮನೆಯಿಂದ ಕೆಲಸ ಮಾಡಿಸಲು ದಾರಿ ಸುಗಮ ಮಾಡಿತು. ಕೆಲವರು ಮರಳಿ ಹೋದರು, ಕೆಲವರು ಇಲ್ಲೇ ಉಳಿದರು. 2017ರ ಜುಲೈ 1ರಂದು ಬಂದ ಜಿಎಸ್‌ಟಿಯೂ ಕಡಿಮೆ ಬದಲಾವಣೆ ತರಲಿಲ್ಲ. ತೆರಿಗೆ ಸಲಹೆಗಾರರು, ಲೆಕ್ಕ ಬರೆಯುವವರು, ಟವೆಲ್ ರಫ್ತಿನ ಕಾಗದಪತ್ರ ನೋಡುವವರು ಎಲ್ಲರ ಕೆಲಸವೂ ಇಂಟರ್ನೆಟ್ ಮೇಲೆ ನಿಂತಿತು. ಅಕ್ಕಲಕೋಟೆಯ ಕನ್ನಡ ಮನೆಗಳಲ್ಲೂ ಇದೇ ಕತೆ. ಮುಂದಿನ ಕೋಣೆಯಲ್ಲಿ ಮೇಜು, ಪ್ರಿಂಟರ್, ಗಿರಾಕಿಗಳ ಪ್ಯಾನ್ ಕಾರ್ಡ್ ಪ್ರತಿಗಳ ಫೈಲು. ಒಳಗಿನ ಕೋಣೆಯಲ್ಲಿ ಸ್ಮಾರ್ಟ್ ಟಿವಿ, ಮಕ್ಕಳ ಮೊಬೈಲು. ಮಾಳಿಗೆಯ ಮೇಲೆ ಸಿಸಿಟಿವಿ ಕ್ಯಾಮೆರಾ. ಇವೆಲ್ಲವೂ ಕೇಬಲ್‌ನವರು ಕೂರಿಸಿಹೋದ ಒಂದೇ ಬಿಳಿ ಡಬ್ಬಿಗೆ ಅಂಟಿಕೊಂಡಿರುತ್ತವೆ.

ಆ ಬಿಳಿ ಡಬ್ಬಿಯನ್ನು ಪೂರ್ತಿ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಸಾಲಾಗಿ ಕೈಕೊಟ್ಟವು. ಕಾರಣ ಒಂದು ಮಾಲ್‌ವೇರ್. ಅದು ಹುಡುಕಿಕೊಂಡು ಹೋದದ್ದು ಕಾರ್ಖಾನೆಯಿಂದ ಬಂದಾಗಿನ ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದ ಮೋಡೆಮ್‌ಗಳನ್ನು. ಒಳಹೊಕ್ಕು ಪಾಸ್‌ವರ್ಡನ್ನೇ ಬದಲಿಸಿಬಿಟ್ಟಿತು, ಮನೆಯವರು ಇಂಟರ್ನೆಟ್ಟಿನಿಂದ ಹೊರಬಿದ್ದರು. ಮೂಲ ಪಾಸ್‌ವರ್ಡ್ ಕೂಡಲೇ ಬದಲಿಸಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಕೊಟ್ಟಿತು. ಇಂಥದ್ದಕ್ಕೆ ದಾರಿ ತೋರಿಸಿದ ‘ಮಿರಾಯ್’ ಎಂಬ ಮಾಲ್‌ವೇರ್ ಅದರ ಹಿಂದಿನ ವರ್ಷ ಜಗತ್ತನ್ನೇ ಅಲ್ಲಾಡಿಸಿತ್ತು. ಅದರ ಜೇಬಿನಲ್ಲಿ ಇದ್ದದ್ದು ಅರವತ್ತಕ್ಕೂ ಹೆಚ್ಚು ಸಿದ್ಧ ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಅದನ್ನು ಹಿಡಿದು ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಕೈವಶ ಮಾಡಿಕೊಂಡು 2016ರ ಅಕ್ಟೋಬರ್ 21ರಂದು ತಾಣಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಸಂಸ್ಥೆಯ ಮೇಲೆ ನುಗ್ಗಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳನ್ನು ಗಂಟೆಗಟ್ಟಲೆ ಮಲಗಿಸಿತು.

ದೊಡ್ಡ ಸಂಸ್ಥೆಗಳು ಇದಕ್ಕೆ ಹೊರತಲ್ಲ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕಳ್ಳರ ಪಾಲಾದಾಗ ಅಲ್ಲಿನ ಪೊಲೀಸ್ ತನಿಖಾಧಿಕಾರಿಗಳು ಹೇಳಿದ ಮಾತು ಯಾರನ್ನೂ ಬೆಚ್ಚಿಬೀಳಿಸುವಂಥದ್ದು. ಬ್ಯಾಂಕಿನ ಜಾಲಕ್ಕೆ ಫೈರ್‌ವಾಲ್ ಇರಲಿಲ್ಲ, ಹತ್ತು ಡಾಲರಿನ ಸೆಕೆಂಡ್‌ಹ್ಯಾಂಡ್ ಸ್ವಿಚ್‌ಗಳ ಮೇಲೆ ಅದು ನಡೆಯುತ್ತಿತ್ತು, ಹಣ ವರ್ಗಾವಣೆಯ ಕಂಪ್ಯೂಟರ್‌ಗಳನ್ನು ಉಳಿದವುಗಳಿಂದ ಬೇರ್ಪಡಿಸಿರಲಿಲ್ಲ.

ಮನೆಯಾಫೀಸಿನವರು ಗಟ್ಟಿಯಾಗಿ ಹಿಡಿಯಬೇಕಾದದ್ದು ಆ ಕೊನೆಯ ಮಾತನ್ನು. ಫೈರ್‌ವಾಲ್ ಎಂದರೆ ಹೊರಗಿನವರನ್ನು ತಡೆಯುವ ಗೋಡೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಮನೆಯೊಳಗಿನ ಒಂದು ಯಂತ್ರ ಇನ್ನೊಂದರ ತಂಟೆಗೆ ಹೋಗದಂತೆ ನೋಡಿಕೊಳ್ಳುವುದೂ ಅದರ ಕೆಲಸವೇ. ಕೇಬಲ್‌ನವರ ಡಬ್ಬಿ ಹೊರಗಿನಿಂದ ಬರುವುದನ್ನು ಒಂದು ಮಟ್ಟಿಗೆ ತಡೆಯುತ್ತದೆ. ಹೆಸರೇ ಇಲ್ಲದ ಕಂಪನಿಯ ಕ್ಯಾಮೆರಾ ಒಳಗಿನಿಂದಲೇ ಗಿರಾಕಿಗಳ ಫೈಲಿರುವ ಕಂಪ್ಯೂಟರನ್ನು ತಟ್ಟಿ ನೋಡಿದರೆ ಆ ಡಬ್ಬಿ ಸುಮ್ಮನಿರುತ್ತದೆ. ಪ್ರತ್ಯೇಕ ಫೈರ್‌ವಾಲ್ ಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಕೆಲಸದ ಕಂಪ್ಯೂಟರು, ಪ್ರಿಂಟರು ಒಂದು ಪೋರ್ಟಿನಲ್ಲಿ. ಕ್ಯಾಮೆರಾ, ಟಿವಿ ಇನ್ನೊಂದರಲ್ಲಿ. ಬಂದುಹೋಗುವವರ ಮೊಬೈಲಿಗೆ ಮೂರನೆಯದು. ಮೂರಕ್ಕೂ ಇಂಟರ್ನೆಟ್ ಸಿಗುತ್ತದೆ, ಒಂದಕ್ಕೊಂದು ಕಾಣುವುದಿಲ್ಲ.

ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರಿಗೆ ಕೋಣೆ ಬಾಡಿಗೆಗೆ ಕೊಡುವ ಅಕ್ಕಲಕೋಟೆಯ ಮನೆಗಳಲ್ಲಿ ಈ ವಿಂಗಡಣೆ ಇನ್ನೂ ಮುಖ್ಯ. ಇಂದು ಬಂದು ನಾಳೆ ಹೋಗುವವರಿಗೆ ವೈಫೈ ಪಾಸ್‌ವರ್ಡ್ ಕೊಡದೆ ಇರಲಾಗುವುದಿಲ್ಲ. ಅದೇ ಪಾಸ್‌ವರ್ಡಿನಲ್ಲಿ ಮನೆಯವರ ಬ್ಯಾಂಕು, ಆಧಾರ್ ಪ್ರತಿಗಳಿರುವ ಕಂಪ್ಯೂಟರೂ ಸಿಕ್ಕರೆ ಆಪತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಇನ್ನೊಬ್ಬರ ಮಾಹಿತಿ ಇಟ್ಟುಕೊಂಡವರು ತಕ್ಕಮಟ್ಟಿನ ಭದ್ರತೆ ಮಾಡಲೇಬೇಕು ಎನ್ನುತ್ತದೆ. ತಪ್ಪಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಚಿಕ್ಕ ಆಫೀಸಿಗೆ ಅಷ್ಟು ದಂಡ ಬೀಳುವುದು ದೂರದ ಮಾತು. ಆದರೆ ನಂಬಿ ಪ್ಯಾನ್ ಕಾರ್ಡ್ ಕೊಟ್ಟ ಗಿರಾಕಿಯ ಮುಂದೆ ತಲೆ ತಗ್ಗಿಸುವಂತಾಗುವುದು ದೂರದ ಮಾತಲ್ಲ.

ಇನ್ನು ಕರೆಂಟಿನ ಲೆಕ್ಕ. ಮೂಲೆಯಲ್ಲಿ ಬಿದ್ದ ಹಳೇ ಕಂಪ್ಯೂಟರಿಗೆ ಎರಡನೆಯ ಲ್ಯಾನ್ ಕಾರ್ಡ್ ಹಾಕಿ ಫೈರ್‌ವಾಲ್ ಮಾಡಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು. ಆದರೆ ಫೈರ್‌ವಾಲ್ ದಿನದ 24 ಗಂಟೆ, ವರ್ಷದ 365 ದಿನ ಓಡುವ ಯಂತ್ರ. 60 ವಾಟ್ ಎಳೆಯುವ ಹಳೇ ಪಿಸಿ ವರ್ಷಕ್ಕೆ 525 ಯೂನಿಟ್ ನುಂಗುತ್ತದೆ. 10 ವಾಟಿನ ಪುಟ್ಟ ಡಬ್ಬಿ ನುಂಗುವುದು 88 ಯೂನಿಟ್ಟಿಗಿಂತ ಕಡಿಮೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಒಂದಕ್ಕೆ 4200 ರೂಪಾಯಿ, ಇನ್ನೊಂದಕ್ಕೆ 700. ಎರಡು ಮೂರು ವರ್ಷದಲ್ಲಿ ಹೊಸ ಡಬ್ಬಿಯ ದುಡ್ಡು ಬಿಲ್ಲಿನಲ್ಲೇ ಮರಳಿ ಬರುತ್ತದೆ.

ಬಿಲ್ಲಿಗಿಂತ ಮುಖ್ಯವಾದದ್ದು ಕರೆಂಟ್ ಹೋದ ಹೊತ್ತು. ವೈಫೈಗೆಂದೇ ಮಾರುವ ಅಂಗೈಯಗಲದ 12 ವೋಲ್ಟ್ ಮಿನಿ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಲಿಥಿಯಂ ಸೆಲ್ ಇರುತ್ತವೆ. ಒಂದೊಂದು 2000 ಎಂಎಎಚ್ ಎಂದುಕೊಂಡರೆ ಒಟ್ಟು ಸುಮಾರು 30 ವಾಟ್-ಅವರ್. ಕೇಬಲ್‌ನವರ ಫೈಬರ್ ಡಬ್ಬಿ 8 ವಾಟ್, ಫೈರ್‌ವಾಲ್ 8 ವಾಟ್, ವೈಫೈ 6 ವಾಟ್ ಹಿಡಿದರೆ 22 ವಾಟಾಯಿತು. ನಡುವಿನ ನಷ್ಟ ಕಳೆದು ಒಂದು ಗಂಟೆಗೂ ತುಸು ಹೆಚ್ಚು ಹೊತ್ತು ಕೆಲಸ ನಡೆಯುತ್ತದೆ. ಹಳೇ ಪಿಸಿಯ ಭಾರ ಹೊರಲು ಇಂಥ ಯುಪಿಎಸ್‌ಗೆ ಆಗುವುದೇ ಇಲ್ಲ. ಮನೆಗೆಲ್ಲ ಇನ್ವರ್ಟರ್ ಇದ್ದವರಿಗೂ ಇದು ಬೇಕು. ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಆ ಕಣ್ರೆಪ್ಪೆಯ ಹೊತ್ತಿನಲ್ಲಿ ಕೆಲವು ರೌಟರ್‌ಗಳು ಆರಿ ಮತ್ತೆ ಹೊತ್ತುತ್ತವೆ, ಬೆಂಗಳೂರಿನ ಮೀಟಿಂಗ್ ಎರಡು ಮೂರು ನಿಮಿಷ ಕೈತಪ್ಪುತ್ತದೆ.

ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಅಡಾಪ್ಟರಿನ ಚೀಟಿ ಓದುವ ರೂಢಿ ಒಳ್ಳೆಯದು. ‘12ವಿ 1ಎ’ ಎಂದಿದ್ದರೆ ಎರಡನ್ನೂ ಗುಣಿಸಿದಾಗ ಬರುವ 12 ವಾಟ್ ಅದರ ಮೇಲ್ಮಿತಿ. ನಿಜವಾದ ಬಳಕೆ ಅದರ ಅರ್ಧದಷ್ಟೂ ಇರಬಹುದು. ಅದೇ ಚೀಟಿಯ ಪಕ್ಕದಲ್ಲೋ ಕೈಪಿಡಿಯ ಕೊನೆಯ ಪುಟದಲ್ಲೋ ಇನ್ನೊಂದು ಸಾಲು ಇರುತ್ತದೆ: ಯಂತ್ರ ಕೆಲಸ ಮಾಡುವ ಬಿಸಿಯ ಮಿತಿ. ಮನೆಬಳಕೆಯ ಹೆಚ್ಚಿನ ರೌಟರ್‌ಗಳಿಗೆ ಅದು 0ರಿಂದ 40 ಡಿಗ್ರಿ. ಸೊಲ್ಲಾಪುರದ ಮೇ ತಿಂಗಳಲ್ಲಿ ಮುಚ್ಚಿದ ಕೋಣೆಯ ಅಟ್ಟ 40 ದಾಟುತ್ತದೆ. ಎಂದರೆ ಕಂಪನಿ ತಾನೇ ಕೊಟ್ಟ ಮಾತಿನ ಆಚೆಗೆ ಯಂತ್ರ ದುಡಿಯುತ್ತಿರುತ್ತದೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಬೇಸಿಗೆಯಲ್ಲಿ ರೌಟರ್ ಕೆಟ್ಟಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ.

ಹಾಗಾದರೆ ಕೊಳ್ಳುವುದು ಏನನ್ನು?

ನೂರು, ಇನ್ನೂರು ಎಂಬಿಪಿಎಸ್ ಸಂಪರ್ಕವಿರುವ ಮನೆಯಾಫೀಸಿಗೆ ಲಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿಯ ‘ಹೆಕ್ಸ್’ ತರದ ಚಿಕ್ಕ ರೌಟರ್ ಧಾರಾಳವಾಗಿ ಸಾಕು. ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರ, ಫ್ಯಾನ್ ಇಲ್ಲ, ಐದು ಗಿಗಾಬಿಟ್ ಪೋರ್ಟ್. ಬೇರೇನನ್ನೂ ಚುಚ್ಚದಿದ್ದರೆ ಎಳೆಯುವುದು ಹೆಚ್ಚೆಂದರೆ 5 ವಾಟ್. ಹೆಚ್ಚು ಕಾಲ ಮಾರಾಟವಾದ ಆರ್‌ಬಿ750ಜಿಆರ್3 ಮಾದರಿಯನ್ನು 60 ಡಿಗ್ರಿಯವರೆಗಿನ ಬಿಸಿಯಲ್ಲಿ ಪರೀಕ್ಷಿಸಲಾಗಿದೆ. ಅದು 8ರಿಂದ 30 ವೋಲ್ಟ್‌ವರೆಗೆ ಯಾವ ಡಿಸಿ ಕೊಟ್ಟರೂ ಒಪ್ಪಿಕೊಳ್ಳುತ್ತದೆ, ಹಾಗಾಗಿ 12 ವೋಲ್ಟಿನ ಮಿನಿ ಯುಪಿಎಸ್‌ಗೆ ನೇರ ಜೋಡಿಸಬಹುದು. ಇಲ್ಲಿನ ಬಿಸಿಲಿಗೂ ಕರೆಂಟಿಗೂ ಇಷ್ಟು ಹೊಂದುವ ಯಂತ್ರ ಅಪರೂಪ. ಸಣ್ಣ ಊರುಗಳ ಕೇಬಲ್ ಇಂಟರ್ನೆಟ್‌ನವರು ತಮ್ಮ ಕಂಟ್ರೋಲ್ ರೂಮಿನಲ್ಲಿ ಹೆಚ್ಚಾಗಿ ಬಳಸುವುದು ಇದೇ ಕಂಪನಿಯ ರೌಟರ್‌ಗಳನ್ನು, ಆದ್ದರಿಂದ ಅಡಚಣೆ ಬಂದರೆ ಕೇಳಲು ಊರಲ್ಲೇ ಯಾರಾದರೂ ಸಿಕ್ಕಾರು. ತೊಡಕು ಎಂದರೆ ಅದರ ಮೆನುಗಳು. ಮೊದಲ ಸಲ ತೆರೆದವರಿಗೆ ಎಲ್ಲಿ ಕೈಯಿಡಬೇಕೆಂದೇ ತಿಳಿಯದು. ತಿಳಿದವರನ್ನು ಒಂದು ಸಂಜೆ ಮನೆಗೆ ಕರೆದು ಕೂರಿಸಿಕೊಂಡು ಮಾಡಿಸುವುದೇ ಸರಿ.

ಎರಡನೆಯ ದಾರಿ ಚಿಕ್ಕ ಫ್ಯಾನ್‌ರಹಿತ ಕಂಪ್ಯೂಟರ್ ಕೊಂಡು ಅದರಲ್ಲಿ ಓಪಿಎನ್‌ಸೆನ್ಸ್ ಅಥವಾ ಪಿಎಫ್‌ಸೆನ್ಸ್ ಎಂಬ ಉಚಿತ ಫೈರ್‌ವಾಲ್ ತಂತ್ರಾಂಶ ಹಾಕುವುದು. ಇವೆರಡರ ಮೂಲ ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಕ್ಯಾಸ್ಪರ್ 2003ರಲ್ಲಿ ಹೊರತಂದ ಮೊನೊವಾಲ್. ಅದರಿಂದ 2004ರಲ್ಲಿ ಪಿಎಫ್‌ಸೆನ್ಸ್ ಕವಲೊಡೆಯಿತು, 2015ರಲ್ಲಿ ಪಿಎಫ್‌ಸೆನ್ಸ್‌ನಿಂದ ಓಪಿಎನ್‌ಸೆನ್ಸ್. ಬಹಳ ವರ್ಷ ಈ ತಂತ್ರಾಂಶಗಳಿಗೆ ಮೆಚ್ಚಿನ ಮನೆಯಾಗಿದ್ದುದೂ ಸ್ವಿಟ್ಜರ್ಲೆಂಡಿನದೇ ಆದ ಪಿಸಿ ಎಂಜಿನ್ಸ್ ಕಂಪನಿಯ ಎಪಿಯು ಬೋರ್ಡ್. ಅದರ ರಚನೆ ಸೊಲ್ಲಾಪುರಕ್ಕೆಂದೇ ಮಾಡಿದಂತಿತ್ತು: ಫ್ಯಾನಿಲ್ಲ, ಪ್ರೊಸೆಸರಿನ ಬಿಸಿಯನ್ನು ಅಲ್ಯೂಮಿನಿಯಂ ತಗಡಿನ ಮೂಲಕ ಪೆಟ್ಟಿಗೆಯ ತಳಕ್ಕೇ ಇಳಿಸುವ ವ್ಯವಸ್ಥೆ, 6ರಿಂದ 12 ವಾಟ್ ಬಳಕೆ. 2023ರಲ್ಲಿ ಕಂಪನಿ ಆ ಬೋರ್ಡುಗಳಿಗೆ ವಿದಾಯ ಸಾರಿತು. ಸೆಕೆಂಡ್‌ಹ್ಯಾಂಡ್ ಸಿಕ್ಕರೂ ಇಂದು ಹೊಸದಾಗಿ ಅದಕ್ಕೆ ದುಡ್ಡು ಹಾಕುವುದು ಜಾಣತನವಲ್ಲ.

ಆ ಜಾಗವನ್ನು ಈಗ ತುಂಬಿರುವುದು ಇಂಟೆಲ್ ಕಂಪನಿ 2023ರ ಆರಂಭದಲ್ಲಿ ತಂದ ಎನ್100 ಪ್ರೊಸೆಸರಿನ ಡಬ್ಬಿಗಳು. ನಾಲ್ಕು ಕೋರ್, 2.5 ಗಿಗಾಬಿಟ್ಟಿನ ನಾಲ್ಕು ಪೋರ್ಟ್, ಸುತ್ತಲೂ ಅಲ್ಯೂಮಿನಿಯಂ ರೆಕ್ಕೆಗಳ ಮೈ. ಸುಮ್ಮನಿದ್ದಾಗ 10 ವಾಟಿನ ಆಸುಪಾಸು, ಪೂರ್ತಿ ದುಡಿಯುವಾಗ ಅದರ ಎರಡರಷ್ಟು ಎಳೆಯುತ್ತವೆ. ಗಿಗಾಬಿಟ್ ಸಂಪರ್ಕವನ್ನೂ ಲೀಲಾಜಾಲವಾಗಿ ನಿಭಾಯಿಸುತ್ತವೆ. ಆದರೆ ಬೇಸಿಗೆಯಲ್ಲಿ ಇವುಗಳ ಮೈ ಮುಟ್ಟಲಾಗದಷ್ಟು ಕಾಯುತ್ತದೆ. ಬಯಾಸ್‌ನಲ್ಲಿ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ಇಂಟೆಲ್ ಹೇಳಿದ 6 ವಾಟಿಗೆ ಇಳಿಸಿಟ್ಟರೆ ಮನೆಯಾಫೀಸಿಗೆ ವೇಗದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಬಿಸಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಅಗ್ಗದ ಡಬ್ಬಿಗಳ ಜೊತೆ ಬರುವ ಹೆಸರಿಲ್ಲದ ಎಸ್‌ಎಸ್‌ಡಿ ತೆಗೆದು ಗೊತ್ತಿರುವ ಕಂಪನಿಯದು ಹಾಕಿಸಿಕೊಳ್ಳುವುದು ಮೇಲು.

ಮೂರನೆಯದು ಓಪನ್‌ವಾರ್ಟ್. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರ್‌ನೊಳಗೆ ಲಿನಕ್ಸ್ ಇರುವುದು ಪತ್ತೆಯಾಗಿ, ಪರವಾನಗಿಯ ನಿಯಮದಂತೆ ಕಂಪನಿ ಅದರ ಮೂಲ ಸಂಕೇತ ಬಿಡುಗಡೆ ಮಾಡಬೇಕಾಯಿತು. ಅದರ ಮೇಲೆ 2004ರಲ್ಲಿ ಕಟ್ಟಿದ್ದು ಓಪನ್‌ವಾರ್ಟ್. ಕಂಪನಿ ಕೈಬಿಟ್ಟ ಎಷ್ಟೋ ರೌಟರ್‌ಗಳಿಗೆ ಇದು ಮರುಜೀವ ಕೊಟ್ಟಿದೆ. ಮನೆಯಲ್ಲಿರುವ ರೌಟರ್ ಅದರ ಪಟ್ಟಿಯಲ್ಲಿದ್ದರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಮೈಕ್ರೋಟಿಕ್‌ನ ಕತೆಯೇ ಇದಕ್ಕೆ ಪಾಠ. 2018ರಲ್ಲಿ ಅದರ ವಿನ್‌ಬಾಕ್ಸ್ ಎಂಬ ನಿರ್ವಹಣಾ ಸೇವೆಯಲ್ಲಿ ದೊಡ್ಡ ಬಿರುಕು ಕಂಡಿತು. ಕಂಪನಿ ಏಪ್ರಿಲ್‌ನಲ್ಲೇ ತೇಪೆ ಕೊಟ್ಟಿತು. ಹಾಕಿಕೊಳ್ಳಬೇಕಾದವರು ಹಾಕಿಕೊಳ್ಳಲಿಲ್ಲ. ತಿಂಗಳುಗಳ ನಂತರ ಬ್ರೆಜಿಲ್‌ನಿಂದ ಹಿಡಿದು ಭಾರತದವರೆಗೆ ಅಸಂಖ್ಯ ರೌಟರ್‌ಗಳು ಯಾರದೋ ಕ್ರಿಪ್ಟೋ ನಾಣ್ಯ ಗಣಿಗಾರಿಕೆಗೆ ದುಡಿಯುತ್ತಿದ್ದವು. ಅದೇ ವರ್ಷ ಮೇ ತಿಂಗಳಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ಮಾಲ್‌ವೇರ್ 54 ದೇಶಗಳ ಐದು ಲಕ್ಷ ರೌಟರ್‌ಗಳನ್ನು ಹೊಕ್ಕಿದ್ದು ಬಯಲಾಗಿ, ರೌಟರ್ ಆರಿಸಿ ಮತ್ತೆ ಹಚ್ಚಿ ಎಂದು ಅಮೆರಿಕದ ಎಫ್‌ಬಿಐ ಜನರನ್ನು ಕೇಳಿಕೊಂಡಿತು. 2025ರ ಮೇನಲ್ಲಿ ಮತ್ತೆ ಅದೇ ಎಫ್‌ಬಿಐ, ಕಂಪನಿಗಳು ಕೈಬಿಟ್ಟ ಹಳೆಯ ರೌಟರ್‌ಗಳನ್ನು ಬಳಸಲೇಬೇಡಿ, ಕಳ್ಳರು ಅವುಗಳ ಹಿಂದೆ ಅಡಗುತ್ತಿದ್ದಾರೆ ಎಂದು ಎಚ್ಚರಿಸಿತು. ಓಪಿಎನ್‌ಸೆನ್ಸ್‌ಗೆ ಪ್ರತಿ ಜನವರಿ, ಜುಲೈನಲ್ಲಿ ದೊಡ್ಡ ಬಿಡುಗಡೆ ಬರುತ್ತದೆ, ನಡುವೆ ಸಣ್ಣ ತೇಪೆಗಳು. ಮೈಕ್ರೋಟಿಕ್ ತನ್ನ ಹಳೆಯ ಮಾದರಿಗಳಿಗೂ ವರ್ಷಗಟ್ಟಲೆ ಅಪ್‌ಡೇಟ್ ಕೊಡುತ್ತದೆ. ಈ ಖಾತರಿ ಕೊಡದ ಕಂಪನಿಯ ರೌಟರ್ ಎಷ್ಟೇ ಅಗ್ಗವಾಗಲಿ, ಎಷ್ಟೇ ಆಂಟೆನಾ ಎತ್ತಿಕೊಂಡು ನಿಂತಿರಲಿ, ಆಫೀಸಿನ ಬಾಗಿಲಿಗೆ ತಕ್ಕದ್ದಲ್ಲ.

ತಂದ ಮೇಲೆ ಜೋಡಣೆಯಲ್ಲಿ ಎದುರಾಗುವ ಮೊದಲ ತೊಡಕು ಫೈಬರ್ ಡಬ್ಬಿಯದು. ಅದೂ ರೌಟರ್, ಇದೂ ರೌಟರ್ ಆಗಿ ವಿಳಾಸಗಳನ್ನು ಎರಡೆರಡು ಸಲ ಬದಲಿಸತೊಡಗುತ್ತವೆ. ಕೇಬಲ್‌ನವರಿಗೆ ಹೇಳಿ ಫೈಬರ್ ಡಬ್ಬಿಯನ್ನು ‘ಬ್ರಿಜ್ ಮೋಡ್’ಗೆ ಹಾಕಿಸಿ, ಸಂಪರ್ಕಕ್ಕೆ ಲಾಗಿನ್ ಆಗುವ ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಫೈರ್‌ವಾಲ್‌ಗೆ ಕೊಟ್ಟರೆ ತೊಡಕು ಮುಗಿಯಿತು. ಅವರು ಒಪ್ಪದಿದ್ದರೂ ಎದೆಗುಂದಬೇಕಿಲ್ಲ, ಹೊರಗೆ ಹೋಗುವ ಕೆಲಸಗಳಿಗೆ ಇಮ್ಮಡಿ ಬದಲಾವಣೆಯಿಂದ ಅಡ್ಡಿಯಾಗುವುದು ಕಡಿಮೆ. ಫೈರ್‌ವಾಲ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ, ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿದ್ದಾರೆ ಎಂದರ್ಥ. ಆಗ ಹೊರಗಿನಿಂದ ಮನೆಗೆ ನೇರ ವಿಪಿಎನ್ ಮಾಡಲಾಗದು, ಮನೆಯಿಂದ ಕಂಪನಿಗೆ ಮಾಡುವ ವಿಪಿಎನ್ ಮಾತ್ರ ಸುಗಮ. 2020ರ ಮಾರ್ಚಿನಲ್ಲಿ ಲಿನಕ್ಸ್ ಕರ್ನಲ್‌ನೊಳಗೇ ಸೇರಿದ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಇಂಥ ಪುಟ್ಟ ಯಂತ್ರಗಳ ಮೇಲೂ ಹಗುರಾಗಿ ಓಡುತ್ತದೆ. ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಕೊಡುವ ಕಂಪನಿಗಳು ಈಗ ಹೆಚ್ಚಿವೆ. ಅದರಲ್ಲಿ ಮನೆಯ ಪ್ರತಿ ಯಂತ್ರಕ್ಕೂ ಸಾರ್ವಜನಿಕ ವಿಳಾಸ ಸಿಗುವುದರಿಂದ, ಐಪಿವಿ6ಗೂ ತಡೆಯ ನಿಯಮ ಇದೆಯೇ ಎಂದು ಖಾತರಿ ಮಾಡಿಕೊಳ್ಳಲೇಬೇಕು.

ಫೈರ್‌ವಾಲ್‌ನಲ್ಲಿ ವೈಫೈ ಇಲ್ಲವೆಂದು ಹಿಂಜರಿಯುವುದೂ ಬೇಡ. ಹಳೆಯ ವೈಫೈ ರೌಟರಿನ ಡಿಎಚ್‌ಸಿಪಿ ಎಂಬ ವಿಳಾಸ ಹಂಚುವ ಕೆಲಸ ನಿಲ್ಲಿಸಿ, ತಂತಿಯನ್ನು ವ್ಯಾನ್ ಪೋರ್ಟಿನ ಬದಲು ಲ್ಯಾನ್ ಪೋರ್ಟಿಗೆ ಚುಚ್ಚಿದರೆ ಅದು ಬರೀ ವೈಫೈ ಹಂಚುವ ಕೆಲಸಕ್ಕೆ ನಿಲ್ಲುತ್ತದೆ.

ಜಾಗದ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಅಟ್ಟ ಬೇಡ, ಟಿವಿ ಶೋಕೇಸಿನ ಗಾಜಿನ ಹಿಂದೆ ಬೇಡ, ಬಿಸಿ ಉಗುಳುವ ಇನ್ವರ್ಟರಿನ ತಲೆಯ ಮೇಲಂತೂ ಬೇಡವೇ ಬೇಡ. ಎದೆಯೆತ್ತರದ ಒಳಗೋಡೆ, ಪಶ್ಚಿಮದ ಬಿಸಿಲು ಬೀಳದ ಕಡೆ, ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ ಮೊಳೆ ಹೊಡೆದು ತೂಗುಹಾಕಿದರೆ ಬಿಸಿಗಾಳಿ ತಾನೇ ಮೇಲೇರುತ್ತದೆ. ಮಾಳಿಗೆಯ ಕ್ಯಾಮೆರಾದಿಂದ ಇಳಿಯುವ ತಾಮ್ರದ ಲ್ಯಾನ್ ತಂತಿ ಸಿಡಿಲಿನ ಹೊಡೆತವನ್ನು ನೇರ ಫೈರ್‌ವಾಲ್‌ಗೆ ತರಬಲ್ಲದು. ನಡುವೆ ಒಂದು ಅಗ್ಗದ ಸ್ವಿಚ್ಚೋ ಸರ್ಜ್ ತಡೆಯೋ ಇದ್ದರೆ ಹೊಡೆತ ಮೊದಲು ಅದಕ್ಕೆ ಬೀಳುತ್ತದೆ.

ಎಲ್ಲ ಓಡತೊಡಗಿದ ದಿನವೇ ಸೆಟ್ಟಿಂಗಿನ ಬ್ಯಾಕಪ್ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿ, ಪಿಪಿಪಿಒಇ ಹೆಸರು, ಫೈರ್‌ವಾಲ್ ಪಾಸ್‌ವರ್ಡ್, ಕೇಬಲ್‌ನವರ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಎರಡನ್ನೂ ತಿಜೋರಿಯಲ್ಲಿಡಬೇಕು. ಹಾಳೆಯ ಕೆಳಗೆ 1930 ಎಂದೂ ಬರೆದಿರಲಿ. ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ಕೂಡಲೇ ದೂರು ಕೊಡಬೇಕಾದ ರಾಷ್ಟ್ರೀಯ ಸಹಾಯವಾಣಿ ಅದು, ಸೊಲ್ಲಾಪುರದಿಂದ ಹಚ್ಚಿದರೂ ಕಲಬುರಗಿಯಿಂದ ಹಚ್ಚಿದರೂ ನಂಬರ್ ಒಂದೇ.